ಊರೇ ಇಲ್ಲದ ಮುತ್ತಜ್ಜ: ಸ್ಕಾಟ್ಲೆಂಡಿನ ಹೊಲದಾಳಿನ ಜಾಡು ಹಿಡಿಯುವುದು ಹೇಗೆ?

ನಮ್ಮತ್ತೆಗೆ ತಮ್ಮ ಮುತ್ತಜ್ಜನ ಬಗ್ಗೆ ಗೊತ್ತಿದ್ದದ್ದು ಎರಡೇ ಸಂಗತಿ. ಅಬರ್ಡೀನ್‌ಶೈರ್ ಕಡೆ ಎಲ್ಲೋ ಕುದುರೆ ಕಟ್ಟಿ ಉಳುತ್ತಿದ್ದರು. ಕೊನೆಗಾಲಕ್ಕೆ ಅಬರ್ಡೀನ್ ಪೇಟೆಗೆ ಬಂದು ಅಲ್ಲೇ ತೀರಿಕೊಂಡರು. ಅಷ್ಟೇ. ಫೋಟೋ ಇಲ್ಲ, ಕಾಗದ ಇಲ್ಲ, ಸಮಾಧಿಗೆ ಒಂದು ಕಲ್ಲೂ ಇಲ್ಲ.

ನಾನು ಮದುವೆಯಾಗಿ ಸ್ಕಾಟ್ಲೆಂಡಿಗೆ ಬಂದವಳು. ಡಿಸೆಂಬರಿನಲ್ಲಿ ಇಲ್ಲಿ ಮಧ್ಯಾಹ್ನ ಮೂರೂವರೆಗೇ ಹೊತ್ತು ಮುಳುಗುತ್ತದೆ. ಅಂಥ ಒಂದು ಸಂಜೆ ಅತ್ತೆಗೆ ಮಾತು ಕೊಟ್ಟುಬಿಟ್ಟೆ, ನಾನು ಹುಡುಕಿಕೊಡ್ತೀನಿ ಅಂತ. ಒಂದು ವಾರದ ಕೆಲಸ ಅಂದುಕೊಂಡಿದ್ದೆ. ಮೂರು ಚಳಿಗಾಲ ಹಿಡಿಯಿತು.

ತಪ್ಪಿದ್ದು ನನ್ನ ಪ್ರಶ್ನೆಯಲ್ಲೇ. ನಾವು ಯಾರನ್ನೇ ಕಂಡರೂ ಮೊದಲು ಕೇಳುವುದು "ಯಾವೂರು?" ಅಂತ ಅಲ್ವಾ? ನಾನೂ ಮುತ್ತಜ್ಜನ ಊರು ಹುಡುಕುತ್ತಾ ಕೂತಿದ್ದೆ. ಅವರಿಗೆ ಊರೇ ಇರಲಿಲ್ಲ. ಇದ್ದದ್ದು ವಾಯಿದೆ ಮಾತ್ರ, ಅಂದರೆ ಒಂದೊಂದು ಜಮೀನಿನಲ್ಲಿ ದುಡಿಯಲು ಒಪ್ಪಿಕೊಂಡ ಅವಧಿ. ಈ ಒಂದು ವಿಷಯ ತಲೆಗೆ ಹೋದ ಮೇಲೆ ಉಳಿದದ್ದೆಲ್ಲ ಒಂದೊಂದಾಗಿ ಸಿಕ್ಕಿತು. ನಿಮ್ಮ ಮನೆಯಲ್ಲೂ ಸ್ಕಾಟ್ಲೆಂಡಿನ ಸೊಸೆಯೋ ಅಳಿಯನೋ ಇದ್ದರೆ, ಅವರ ಮನೆತನದಲ್ಲಿ ಇಂಥ ಒಬ್ಬ ಆಳು ಇದ್ದೇ ಇರುತ್ತಾನೆ ಅಂತ ಧೈರ್ಯವಾಗಿ ಹೇಳಬಹುದು.

ಮೊದಲು ವಾಯಿದೆಯ ಲೆಕ್ಕ

19ನೇ ಶತಮಾನದ ಸ್ಕಾಟ್ಲೆಂಡಿನಲ್ಲಿ ಹೊಲದ ಕೆಲಸದವರೆಲ್ಲ ದಿನಗೂಲಿಗಳಲ್ಲ. ಬಹಳಷ್ಟು ಜನ ಸಂಬಳದಾಳುಗಳು. ಈಶಾನ್ಯದ ಕಡೆ ಮದುವೆಯಾಗದ ಹುಡುಗ ಆರು ತಿಂಗಳಿಗೆ ಒಪ್ಪಿಕೊಳ್ಳುತ್ತಿದ್ದ. ಸಂಸಾರಸ್ಥನಾದರೆ ಒಂದು ವರ್ಷಕ್ಕೆ, ಜೊತೆಗೆ ಜಮೀನಿನಲ್ಲೇ ಒಂದು ಪುಟ್ಟ ಮನೆ. ಕೆಲಸ ಬಿಟ್ಟರೆ ಮನೆಯನ್ನೂ ಬಿಡಬೇಕು.

ವಾಯಿದೆಯ ದಿನಗಳು ಎರಡು. ಮೇ 15ರ ವಿಟ್ಸಂಡೇ, ನವೆಂಬರ್ 11ರ ಮಾರ್ಟಿನ್ಮಸ್. ಇದು ಕಾನೂನಿನ ತಾರೀಕು. ಗಂಟುಮೂಟೆ ಕಟ್ಟಿ ಗಾಡಿಗೆ ಹೇರುತ್ತಿದ್ದದ್ದು ಅದೇ ತಿಂಗಳುಗಳ ಕೊನೆಯ ಭಾಗದಲ್ಲಿ. 1886ರ ಕಾಯಿದೆ ಮನೆ ಬಿಡುವ ದಿನವನ್ನು ಮೇ 28, ನವೆಂಬರ್ 28 ಎಂದು ಗೊತ್ತುಮಾಡಿತು. ಈ ಮನೆ ಬದಲಾವಣೆಗೆ ಇಲ್ಲಿನವರು ಇಂದಿಗೂ ಹೇಳುವ ಹೆಸರು ಫ್ಲಿಟಿಂಗ್. ನಮ್ಮ ಹಳ್ಳಿಗಳಲ್ಲಿ ಯುಗಾದಿಗೆ ಆಳು ಬದಲಾಗುತ್ತಿದ್ದದ್ದನ್ನು ಕೇಳಿ ಬೆಳೆದವರಿಗೆ ಇದು ಬೇಗ ಅರ್ಥವಾಗುತ್ತದೆ.

ವಾಯಿದೆಗೆ ಮುಂಚೆ ಪೇಟೆಗಳಲ್ಲಿ ಆಳಿನ ಸಂತೆ ಸೇರುತ್ತಿತ್ತು. ರೈತ ಬಂದು ಆಳನ್ನು ಮಾತಾಡಿಸಿ, ಸಂಬಳ ಚೌಕಾಸಿ ಮಾಡಿ, ಕೈಗೆ ಒಂದು ನಾಣ್ಯ ಇಡುತ್ತಿದ್ದ. ಅದು ಆರ್ಲ್ಸ್, ನಮ್ಮ ಸಂಚಕಾರ ಇದ್ದ ಹಾಗೆ. ತೆಗೆದುಕೊಂಡರೆ ಮಾತು ಮುಗಿಯಿತು. ಸಾಮಾನ್ಯವಾಗಿ ಬರವಣಿಗೆ ಇಲ್ಲ, ಸಹಿ ಇಲ್ಲ. ಒಬ್ಬ ಮನುಷ್ಯ ಇಪ್ಪತ್ತು ಕಡೆ ದುಡಿದರೂ ಇಪ್ಪತ್ತರಲ್ಲಿ ಒಂದು ಕರಾರುಪತ್ರವೂ ನಮಗೆ ಸಿಗುವುದಿಲ್ಲ.

ಹಾಗಾಗಿ ಒಂದು ನೋಟ್‌ಬುಕ್ ತಗೊಳ್ಳಿ. ಪ್ರತಿ ವರ್ಷಕ್ಕೂ ಎರಡು ಗೆರೆ ಎಳೆಯಿರಿ: ಮೇಯಿಂದ ನವೆಂಬರ್, ನವೆಂಬರಿನಿಂದ ಮೇ. ಮುಂದೆ ಸಿಗುವ ಪ್ರತಿ ತಾರೀಕನ್ನೂ, ಪ್ರತಿ ಜಮೀನಿನ ಹೆಸರನ್ನೂ ಇದರಲ್ಲಿ ತುಂಬಿ. ಕಂಪ್ಯೂಟರಿನ ವಂಶವೃಕ್ಷಕ್ಕಿಂತ ಈ ನೋಟ್‌ಬುಕ್ಕೇ ನನಗೆ ಜಾಸ್ತಿ ಕೆಲಸಕ್ಕೆ ಬಂತು.

ಸಾವಿನಿಂದ ಹಿಂದಕ್ಕೆ ನಡೆಯಿರಿ

ಸ್ಕಾಟ್ಲೆಂಡಿನಲ್ಲಿ ಜನನ, ಮದುವೆ, ಮರಣಗಳ ಸರ್ಕಾರಿ ನೋಂದಣಿ ಶುರುವಾದದ್ದು 1855ರ ಜನವರಿ 1ರಂದು. ಇವೆಲ್ಲ ಸ್ಕಾಟ್ಲೆಂಡ್ಸ್‌ಪೀಪಲ್ ಎಂಬ ಸರ್ಕಾರಿ ತಾಣದಲ್ಲಿವೆ. ಹೆಸರು ಹುಡುಕುವುದು ಉಚಿತ. ಮೂಲ ಪುಟ ನೋಡಲು ಕ್ರೆಡಿಟ್ ಕೊಳ್ಳಬೇಕು. ನೂರು ವರ್ಷ ದಾಟಿದ ಜನನ, 75 ವರ್ಷ ದಾಟಿದ ಮದುವೆ, 50 ವರ್ಷ ದಾಟಿದ ಮರಣದ ಪುಟಗಳು ಮನೆಯಲ್ಲೇ ಕೂತು ನೋಡಲು ಸಿಗುತ್ತವೆ. ಉತ್ಸಾಹದಲ್ಲಿ ಕಂಡದ್ದನ್ನೆಲ್ಲ ಕೊಳ್ಳಬೇಡಿ. ಮೊದಲ ತಿಂಗಳು ನಾನು ಅದೇ ಹೆಸರಿನ ಹನ್ನೊಂದು ಗಂಡಸರ ಮರಣಪತ್ರ ಕೊಂಡೆ. ಹತ್ತು ಜನ ನಮಗೆ ಏನೂ ಆಗಬೇಕಿರಲಿಲ್ಲ.

ಮರಣಪತ್ರದಿಂದಲೇ ಶುರುಮಾಡಿ ಎನ್ನುವುದಕ್ಕೆ ಕಾರಣ ಇದೆ. ಸ್ಕಾಟ್ಲೆಂಡಿನ ಮರಣಪತ್ರದಲ್ಲಿ ಸತ್ತವರ ಅಪ್ಪ ಅಮ್ಮ ಇಬ್ಬರ ಹೆಸರೂ ಇರುತ್ತದೆ, ಅಮ್ಮನ ತವರಿನ ಮನೆತನದ ಹೆಸರಿನ ಸಮೇತ. ಆ ಕಾಲದ ಇಂಗ್ಲೆಂಡಿನ ಮರಣಪತ್ರದಲ್ಲಿ ಇದು ಇಲ್ಲ. ಇಲ್ಲಿ ಹೆಂಗಸು ಮದುವೆಯಾದರೂ ದಾಖಲೆಯಲ್ಲಿ ತವರಿನ ಹೆಸರು ಉಳಿಯುತ್ತದೆ. ಹುಡುಕುವವರ ಪಾಲಿಗೆ ಅದು ದೊಡ್ಡ ಉಪಕಾರ. ನಿಮ್ಮ ಅದೃಷ್ಟಕ್ಕೆ ಆ ಮನೆಯಲ್ಲಿ 1855ರಲ್ಲಿ ಯಾವುದಾದರೂ ಜನನವೋ ಮರಣವೋ ಆಗಿದ್ದರೆ ಬಿಡಲೇಬೇಡಿ. ಆ ಒಂದು ವರ್ಷದ ನಮೂನೆಯಲ್ಲಿ ಅತಿ ಜಾಸ್ತಿ ವಿವರ ಕೇಳಿದ್ದರು. ಮಗು ಹುಟ್ಟಿದ ಪತ್ರದಲ್ಲಿ ಅಪ್ಪ ಅಮ್ಮನ ವಯಸ್ಸು, ಅವರು ಹುಟ್ಟಿದ ಜಾಗ, ಮಗುವಿನ ಅಕ್ಕ ಅಣ್ಣಂದಿರ ಲೆಕ್ಕ, ಎಲ್ಲ ಇದೆ. ಬರೆದು ಬರೆದು ರಿಜಿಸ್ಟ್ರಾರುಗಳಿಗೆ ಸಾಕಾಗಿರಬೇಕು, ಮರುವರ್ಷವೇ ಕಡಿಮೆ ಮಾಡಿದರು.

ಪತ್ರ ಸಿಕ್ಕ ಕೂಡಲೇ ಕೆಳಗೆ ನೋಡಬೇಕಾದ್ದು ಮಾಹಿತಿ ಕೊಟ್ಟವರು ಯಾರು ಅಂತ. ನಮ್ಮ ಮುತ್ತಜ್ಜ ತೀರಿಕೊಂಡದ್ದು 1897ರಲ್ಲಿ. ಪತ್ರ ಬರೆಸಿದ್ದು ಮಗ. ಅದರಲ್ಲಿ ಮುತ್ತಜ್ಜನ ಅಪ್ಪ ಅಂತ ಒಂದು ಹೆಸರಿತ್ತು. ಅದನ್ನು ನಂಬಿ ಒಂದಿಡೀ ಚಳಿಗಾಲ ಕಳೆದೆ. ಆಮೇಲೆ 1863ರ ಮದುವೆಯ ಪುಟ ತೆಗೆದೆ. ಅಲ್ಲಿ ಹೇಳಿಕೆ ಕೊಟ್ಟವರು ಸ್ವತಃ ಮುತ್ತಜ್ಜ. ಅಪ್ಪನ ಜಾಗ ಖಾಲಿ. ಅಮ್ಮನ ಹೆಸರು ಮಾತ್ರ. ಮಗನಿಗೆ ಗೊತ್ತಿರದಿದ್ದ ಅಥವಾ ಅವನು ಹೇಳಲು ಇಷ್ಟಪಡದ ಸಂಗತಿ ಅದು. ಒಬ್ಬ ಮನುಷ್ಯನ ಬಗ್ಗೆ ಎರಡು ಪತ್ರ ಎರಡು ಮಾತು ಹೇಳಿದರೆ ನಾನೀಗ ಅವನೇ ಬಾಯಿಬಿಟ್ಟು ಹೇಳಿದ್ದನ್ನು ಮೊದಲು ನಂಬುತ್ತೇನೆ.

ಮಕ್ಕಳು ಹುಟ್ಟಿದ ಜಾಗಗಳೇ ನಕ್ಷೆ

ಇದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ನಿಮ್ಮ ನೇರ ವಂಶದ ಮಗು ಒಂದೇ ಅಲ್ಲ, ಆ ದಂಪತಿಗೆ ಹುಟ್ಟಿದ ಎಲ್ಲ ಮಕ್ಕಳ ಜನನಪತ್ರವನ್ನೂ ತೆಗೆಸಿ. ದುಡ್ಡು ಖರ್ಚಾಗುತ್ತದೆ, ಆದರೆ ಇಲ್ಲಿ ಮಾಡುವ ಖರ್ಚು ವ್ಯರ್ಥವಾಗುವುದಿಲ್ಲ.

ಯಾಕೆಂದರೆ ಹಳ್ಳಿಯ ಜನನಪತ್ರದಲ್ಲಿ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಯ ಸೀಮೆ) ಹೆಸರಷ್ಟೇ ಅಲ್ಲ, ಸಾಮಾನ್ಯವಾಗಿ ಜಮೀನಿನ ಹೆಸರೇ ಇರುತ್ತದೆ. ಹುಟ್ಟಿದ ತಾರೀಕು ಇರುತ್ತದೆ, ಗಂಟೆ ಕೂಡ. (ಜಾತಕ ಬರೆಸಬಹುದಲ್ಲ ಅಂತ ನಮ್ಮಮ್ಮ ಫೋನಿನಲ್ಲಿ ನಕ್ಕರು.) 1861ರಿಂದ ಮುಂದಿನ ಪತ್ರಗಳಲ್ಲಿ ಅಪ್ಪ ಅಮ್ಮನ ಮದುವೆ ಎಲ್ಲಿ, ಯಾವತ್ತು ಆಯಿತು ಅನ್ನುವುದೂ ಇರುತ್ತದೆ. ನನಗೆ ಮದುವೆಯ ಪುಟ ಸಿಕ್ಕಿದ್ದು ಹೀಗೆ, ಎರಡನೇ ಮಗಳ ಜನನಪತ್ರದಿಂದ.

ನಮ್ಮ ಮುತ್ತಜ್ಜನಿಗೆ ಆರು ಮಕ್ಕಳು. ಟಾರ್ವೆಸ್, ಮೆತ್ಲಿಕ್, ಫೈವಿ, ಮತ್ತೆ ಮೆತ್ಲಿಕ್, ನ್ಯೂ ಡಿಯರ್, ಎಲನ್. ಮೊದಲು ನೋಡಿದಾಗ ದಿಕ್ಕಾಪಾಲು ಅನ್ನಿಸಿತು. ನಕ್ಷೆಯಲ್ಲಿ ಚುಕ್ಕೆ ಇಟ್ಟೆ. ಎಲ್ಲ ಅಕ್ಕಪಕ್ಕದ ಪ್ಯಾರಿಷ್‌ಗಳು, ಒಂದು ದಿನ ಗಾಡಿ ಹೊಡೆದರೆ ತಲುಪುವಷ್ಟು ದೂರ. ಮನುಷ್ಯ ತಪ್ಪಿಸಿಕೊಂಡು ಓಡುತ್ತಿರಲಿಲ್ಲ. ಒಂದೇ ಸೀಮೆಯೊಳಗೆ ಸುತ್ತುತ್ತಿದ್ದ. ನೀವೂ ಹೀಗೆ ಚುಕ್ಕೆ ಇಟ್ಟರೆ ಆ ಸೀಮೆಯ ಅಂಚು ಕಾಣುತ್ತದೆ. ಗೊತ್ತಿಲ್ಲದ ವರ್ಷಗಳಲ್ಲಿ ಮೊದಲು ಅದರೊಳಗೇ ಹುಡುಕಿ.

ಜನಗಣತಿ: ಆಳನ್ನಲ್ಲ, ಜಮೀನನ್ನು ಹುಡುಕಿ

1841ರಿಂದ 1921ರವರೆಗೆ ಹತ್ತು ವರ್ಷಕ್ಕೊಂದರಂತೆ ಗಣತಿಗಳು ತೆರೆದಿವೆ. ಇಲ್ಲಿ ನಿಮ್ಮ ವಾಯಿದೆಯ ನೋಟ್‌ಬುಕ್ ಹೊರಗೆ ಬರಲಿ. 1851ರಿಂದ 1911ರವರೆಗಿನ ಗಣತಿಗಳೆಲ್ಲ ಮಾರ್ಚ್ ಕೊನೆ ಅಥವಾ ಏಪ್ರಿಲ್ ಶುರುವಿನಲ್ಲಿ ನಡೆದವು. ಅಂದರೆ ಮದುವೆಯಾಗದ ಆಳು ಹಿಂದಿನ ನವೆಂಬರಿನಿಂದ ಅದೇ ಜಮೀನಿನಲ್ಲಿದ್ದಿರಬೇಕು, ಸಂಸಾರಸ್ಥ ಹಿಂದಿನ ಮೇಯಿಂದ. ಜನವರಿಯಲ್ಲಿ ಮಗು ಹುಟ್ಟಿದ ಜಮೀನು ಗೊತ್ತಿದ್ದರೆ ಏಪ್ರಿಲ್ ಗಣತಿಗೆ ನೇರ ಅಲ್ಲಿಗೇ ಹೋಗಿ. ಆದರೆ 1841ರ ಗಣತಿ ಜೂನ್ 6ಕ್ಕೆ, 1921ರದ್ದು ಜೂನ್ 19ಕ್ಕೆ. ಎರಡೂ ಮೇ ತಿಂಗಳ ಫ್ಲಿಟಿಂಗ್ ಮುಗಿದ ಮೇಲೆ. ಮಾರ್ಚಿನಲ್ಲಿದ್ದ ಜಾಗದಲ್ಲಿ ಅವರು ಜೂನಿನಲ್ಲಿ ಇಲ್ಲದಿದ್ದರೆ ಗಾಬರಿಯಾಗಬೇಡಿ. ಹೊಸ ಮನೆಗೆ ಬಂದು ಕೆಲವೇ ವಾರ ಆಗಿರುತ್ತದೆ.

1841ರ ಗಣತಿಗೆ ಇನ್ನೂ ಎರಡು ಕಾಟ ಇದೆ. 15 ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಕೆಳಗಿಳಿಸಿ ಬರೆಯಲು ಹೇಳಿದ್ದರು. 34 ಇದ್ದವನು 30 ಆಗುತ್ತಾನೆ. ಮನೆಯಲ್ಲಿರುವವರು ಒಬ್ಬರಿಗೊಬ್ಬರು ಏನಾಗಬೇಕು ಅನ್ನುವುದೂ ಅದರಲ್ಲಿಲ್ಲ. ಮೂರು ವರ್ಷದ ನಮ್ಮ ಮುತ್ತಜ್ಜ 1841ರಲ್ಲಿ ಒಬ್ಬ ಮುದುಕ ಮುದುಕಿಯ ಮನೆಯಲ್ಲಿದ್ದ. ಅವರ ಮಗ ಅಂತಲೇ ನಾನು ಬರೆದುಕೊಂಡಿದ್ದೆ. ಅಜ್ಜ ಅಜ್ಜಿ ಅಂತ ಗೊತ್ತಾದದ್ದು ಎಷ್ಟೋ ತಿಂಗಳಾದ ಮೇಲೆ. ಅಮ್ಮ ಬೇರೆಲ್ಲೋ ಅಡುಗೆಮನೆಯಲ್ಲಿ ದುಡಿಯುತ್ತಿದ್ದಳು.

ಹರೆಯದ ಆಳುಗಳು ಸಿಗದಿರುವುದಕ್ಕೆ ಇನ್ನೊಂದು ಕಾರಣ ಅವರು ಮಲಗುತ್ತಿದ್ದ ಜಾಗ. ಆಂಗಸ್, ಪರ್ತ್‌ಶೈರ್ ಕಡೆ ಬಾಥಿ ಪದ್ಧತಿ: ಆಳುಗಳಿಗೆ ಬೇರೆ ಕೋಣೆ, ಅವರೇ ಓಟ್ಸ್ ಹಿಟ್ಟಿಗೆ ಬಿಸಿನೀರು ಹೊಯ್ದು ಕಲಸಿಕೊಂಡು ತಿನ್ನಬೇಕು. ಅಬರ್ಡೀನ್‌ಶೈರಿನಲ್ಲಿ ಚಾಮರ್: ಕುದುರೆ ಲಾಯದ ಮೇಲೋ ಪಕ್ಕದಲ್ಲೋ ಮಲಗುವುದು, ಊಟಕ್ಕೆ ಯಜಮಾನನ ಅಡುಗೆಮನೆ. ಚಾಮರ್ ಹುಡುಗರು ಗಣತಿಯಲ್ಲಿ ಯಜಮಾನನ ಮನೆಯ ಪಟ್ಟಿಯ ಕೊನೆಯಲ್ಲಿರುತ್ತಾರೆ. ಬಾಥಿಯವರು ಬೇರೆ ಮನೆಯ ಲೆಕ್ಕದಲ್ಲಿ ಬರಬಹುದು. ಹಾಳೆ ತುಂಬುವ ಹೊಣೆ ಮನೆ ಯಜಮಾನನದ್ದು. ನವೆಂಬರಿನಲ್ಲಿ ಬಂದ ಹುಡುಗ ಎಲ್ಲಿ ಹುಟ್ಟಿದವನು, ವಯಸ್ಸೆಷ್ಟು ಅಂತ ಅವನಿಗೇನು ಗೊತ್ತು? ಅಂದಾಜಿಗೆ ಬರೆದಿದ್ದರೂ ಬರೆದಿರಬಹುದು. ಆದ್ದರಿಂದ ಹೆಸರಿನಿಂದ ಸಿಗದಿದ್ದರೆ ಜಮೀನಿನ ಪುಟ ತೆಗೆದು ಕೆಳಗಿನವರೆಗೆ ಓದಿ. 1861ರಲ್ಲಿ ನಮ್ಮವರು ಸಿಕ್ಕಿದ್ದು ಹಾಗೆ. ಮನೆತನದ ಹೆಸರಿನ ಮೊದಲ ಅಕ್ಷರವನ್ನೇ ಪಟ್ಟಿ ಮಾಡಿದವರು ತಪ್ಪು ಓದಿದ್ದರು. ವಂಶ ಹುಡುಕುವ ತಾಣಗಳಾದ ಆನ್ಸೆಸ್ಟ್ರಿ, ಫೈಂಡ್‌ಮೈಪಾಸ್ಟ್‌ಗಳಲ್ಲೂ ಸ್ಕಾಟಿಷ್ ಗಣತಿಯ ನಕಲು ಇದೆ, ಕೆಲವು ಕೌಂಟಿಗಳಿಗೆ ಸ್ವಯಂಸೇವಕರ ಫ್ರೀಸೆನ್ ಉಚಿತವಾಗಿದೆ. ಬೇರೆ ಬೇರೆ ಜನ ಓದಿ ಬರೆದದ್ದರಿಂದ ಒಂದು ಕಡೆ ತಪ್ಪಿದ ಹೆಸರು ಇನ್ನೊಂದು ಕಡೆ ಸರಿಯಾಗಿ ಸಿಗಬಹುದು.

ಕೆಲಸದ ಹೆಸರುಗಳನ್ನು ಹಗುರವಾಗಿ ತಗೊಳ್ಳಬೇಡಿ. ಅದರಲ್ಲೇ ಅವನ ಬಡ್ತಿಯ ಕಥೆ ಇರುತ್ತದೆ. ಹರೆಯಕ್ಕೆ ಬರುತ್ತಿರುವ ಹುಡುಗ ಹಾಫ್‌ಲಿನ್. ಕುದುರೆ ಜೋಡಿಯ ಹೊಣೆ ಸಿಕ್ಕರೆ ಹಾರ್ಸ್‌ಮನ್, ಅದರಲ್ಲೂ ಒಂದನೆಯವ, ಎರಡನೆಯವ ಅಂತ ಶ್ರೇಣಿ. ದನದ ಕೊಟ್ಟಿಗೆಯವನು ಕ್ಯಾಟಲ್‌ಮನ್ ಅಥವಾ ಬೇಯ್ಲಿ. ಯಾವ ಕೆಲಸಕ್ಕೂ ಸೈ ಅನ್ನುವವನು ಆರಾಮನ್ (ಹೆಸರಿಗೆ ಮೋಸಹೋಗಬೇಡಿ, ಆರಾಮ ಏನೂ ಇಲ್ಲ). ಎಲ್ಲರ ಮೇಲೆ ಮೇಸ್ತ್ರಿ ಗ್ರೀವ್. ಜಮೀನಿನ ಮನೆಯಲ್ಲಿ ಸಂಸಾರ ಹೂಡಿದವನು ಕಾಟರ್. ದಕ್ಷಿಣದ ಲೋದಿಯನ್, ಬಾರ್ಡರ್ಸ್ ಕಡೆ ಹೋದರೆ ಭಾಷೆಯೇ ಬೇರೆ. ಅಲ್ಲಿ ಸಂಸಾರಸ್ಥ ಉಳುವವನಿಗೆ ಹೈಂಡ್ ಅಂತ ಹೆಸರು, ಸಂಬಳದಲ್ಲಿ ಬಹುಪಾಲು ದವಸದ ರೂಪದಲ್ಲಿ. ಹೊಲಕ್ಕೆ ಒಬ್ಬ ಹೆಣ್ಣಾಳನ್ನೂ ಅವನೇ ಒದಗಿಸಬೇಕಿತ್ತು. ಆಕೆ ಬಾಂಡೇಜರ್. ಹೈಂಡ್ ಮನೆಯ ಗಣತಿಯಲ್ಲಿ ಸಂಬಂಧವೇ ಇಲ್ಲದ ಒಬ್ಬ ಹುಡುಗಿ ಕಂಡರೆ ಬಹುಶಃ ಆಕೆ ಇವಳೇ.

ಹೆಸರಿನ ಗೋಜಲು

ಜೀನ್, ಜೇನ್, ಜಾನೆಟ್, ಜೆಸ್ಸಿ ಒಬ್ಬಳೇ ಇರಬಹುದು. ಎಲ್‌ಸ್ಪೆತ್, ಎಲಿಜಬೆತ್, ಇಸಬೆಲ್ ಕೂಡ ಹಾಗೆ. ಗ್ರಿಜೆಲ್ ಅಂದರೆ ಗ್ರೇಸ್. ಹೈಲ್ಯಾಂಡ್ಸ್‌ನ ಡೊನಾಲ್ಡ್ ಕೆಳಗಿಳಿದು ಬಂದರೆ ಡೇನಿಯಲ್ ಆಗುತ್ತಾನೆ. ಮ್ಯಾಕ್ ಎಂಬ ಪೂರ್ವಪದ ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ. ಹುಡುಕುವಾಗ ಅನುಮಾನದ ಅಕ್ಷರದ ಜಾಗಕ್ಕೆ ನಕ್ಷತ್ರ ಚಿಹ್ನೆ ಹಾಕಿ.

ಮಕ್ಕಳಿಗೆ ಹೆಸರಿಡುವ ರೂಢಿ ಒಂದು ಸುಳಿವು. ಮೊದಲ ಮಗನಿಗೆ ತಂದೆಯ ತಂದೆ, ಎರಡನೆಯವನಿಗೆ ತಾಯಿಯ ತಂದೆ. ಮೊದಲ ಮಗಳಿಗೆ ತಾಯಿಯ ತಾಯಿ, ಎರಡನೆಯವಳಿಗೆ ತಂದೆಯ ತಾಯಿ. ಅಜ್ಜನ ಹೆಸರು ಮೊಮ್ಮಗನಿಗೆ ಇಡುವ ನಮಗೆ ಇದೇನು ಹೊಸದಲ್ಲ. ಎಲ್ಲರೂ ಪಾಲಿಸಲಿಲ್ಲ, ಹಾಗಾಗಿ ಇದನ್ನು ಸುಳಿವು ಅಂತ ಇಟ್ಟುಕೊಳ್ಳಿ, ಸಾಕ್ಷಿ ಅಂತಲ್ಲ. ನಮ್ಮ ಮುತ್ತಜ್ಜ ಮೊದಲ ಮಗನಿಗೆ ಇಟ್ಟದ್ದು ತನ್ನ ತಾಯಿಯ ತಂದೆಯ ಹೆಸರು, ಅಂದರೆ ತನ್ನನ್ನು ಸಾಕಿದ ಅಜ್ಜನದ್ದು. ಮರಣಪತ್ರದಲ್ಲಿ ಮಗ ಬರೆಸಿದ್ದ "ಅಪ್ಪ"ನೂ ಅದೇ ಅಜ್ಜ.

1855ಕ್ಕೆ ಮುಂಚೆ: ಚರ್ಚಿನ ಪುಸ್ತಕಗಳು

1855ಕ್ಕಿಂತ ಹಿಂದೆ ಹೋದರೆ ಇರುವುದು ಪ್ಯಾರಿಷ್ ಚರ್ಚುಗಳ ಹಳೆಯ ರಿಜಿಸ್ಟರುಗಳು. ಎಲ್ಲಕ್ಕಿಂತ ಹಳೆಯದು ಪರ್ತ್‌ಶೈರಿನ ಎರಲ್‌ನದ್ದು, 1553ರಿಂದ. ಆದರೆ ಬರೆಸಲೇಬೇಕು ಎಂಬ ಕಡ್ಡಾಯ ಇರಲಿಲ್ಲ. 1783ರಿಂದ 1794ರವರೆಗೆ ಪ್ರತಿ ನೋಂದಣಿಗೂ ಮೂರು ಪೆನ್ಸ್ ತೆರಿಗೆ ಹಾಕಿದ್ದರು, ಬಡವರು ಬರೆಸುವುದನ್ನೇ ಬಿಟ್ಟರು. 1843ರಲ್ಲಿ ಚರ್ಚು ಒಡೆದು ಫ್ರೀ ಚರ್ಚ್ ಹುಟ್ಟಿದ ಮೇಲೆ ಆ ಕಡೆ ಹೋದವರ ಮಕ್ಕಳ ನಾಮಕರಣ ಬೇರೆ ಪುಸ್ತಕಕ್ಕೆ ಹೋಯಿತು. ಹೆಸರು ಸಿಗಲಿಲ್ಲ ಅಂದರೆ ಮನುಷ್ಯ ಅಲ್ಲಿ ಹುಟ್ಟಲಿಲ್ಲ ಅಂತ ಅರ್ಥವಲ್ಲ.

ಆಗ ತೆಗೆಯಬೇಕಾದದ್ದು ಕರ್ಕ್ ಸೆಷನ್ ನಡಾವಳಿ. ಕರ್ಕ್ ಸೆಷನ್ ಅಂದರೆ ಪಾದ್ರಿ ಮತ್ತು ಹಿರಿಯರು ಕೂತು ನಡೆಸುವ ಚರ್ಚಿನ ಪಂಚಾಯಿತಿ. ಬಡವರಿಗೆ ಕಾಸು ಕೊಡುವುದು, ಮದುವೆಯಿಲ್ಲದೆ ಬಸುರಾದವರನ್ನು ಕರೆಸಿ ವಿಚಾರಿಸುವುದು, ಎರಡೂ ಅವರದ್ದೇ. ಈಶಾನ್ಯ ಸ್ಕಾಟ್ಲೆಂಡಿನಲ್ಲಿ ಮದುವೆಗೆ ಮುಂಚೆ ಮಕ್ಕಳಾಗುವುದು ಬಹಳ ಸಾಮಾನ್ಯವಾಗಿತ್ತು. ಆಳುಗಳಿಗೆ ಸಂಸಾರದ ಮನೆ ಸಿಗುವುದೇ ಕಷ್ಟ, ಇನ್ನು ಮದುವೆ ಎಲ್ಲಿಂದ? ಈ ನಡಾವಳಿಗಳ ಚಿತ್ರಗಳನ್ನು ಸ್ಕಾಟ್ಲೆಂಡ್ಸ್‌ಪೀಪಲ್ ತಾಣದಲ್ಲಿ ಪುಟ ಮಗುಚಿ ಓದಲು ದುಡ್ಡಿಲ್ಲ. ಹೆಸರಿನ ಪಟ್ಟಿಯಿಂದ ಹುಡುಕುವ ಆಸೆ ಬಿಡಿ, ಒಂದೊಂದೇ ಪುಟ ಓದಬೇಕು. ಕೈಬರಹ ಕಷ್ಟ. ಎರಡು ಮೂರು ಸಂಜೆ ಕೂತರೆ ಕಣ್ಣು ಪಳಗುತ್ತದೆ. ಮಗು ಹುಟ್ಟುವ ಆರು ತಿಂಗಳ ಹಿಂದಿನಿಂದ ಶುರುಮಾಡಿ ಹುಟ್ಟಿದ ಎರಡು ವರ್ಷದವರೆಗೆ ನೋಡಿ.

ನಮಗೆ ಸಿಕ್ಕಿದ್ದು 1838ರ ನಾಲ್ಕು ಸಾಲು. ಇಂಥ ಹುಡುಗಿ ಹಾಜರಾಗಿ ಬಸುರಾಗಿರುವುದನ್ನು ಒಪ್ಪಿಕೊಂಡಳು. ಜೊತೆಗೆ ಒಂದೇ ಜಮೀನಿನಲ್ಲಿ ದುಡಿಯುತ್ತಿದ್ದ ಇಂಥವನು ತಂದೆ ಎಂದಳು. ಅವನು ಈಗ ಬೇರೆ ಪ್ಯಾರಿಷ್‌ನಲ್ಲಿದ್ದಾನೆ, ಅಲ್ಲಿನ ಸೆಷನ್‌ಗೆ ಕಾಗದ ಬರೆಯಬೇಕು. ಆ ಪ್ಯಾರಿಷ್‌ನ ನಡಾವಳಿಯಲ್ಲಿ ಅದಕ್ಕೆ ಉತ್ತರ ಇಲ್ಲ. ಅಷ್ಟು ಹೊತ್ತಿಗೆ ಇನ್ನೊಂದು ವಾಯಿದೆ ಮುಗಿದು ಅವನು ಮತ್ತೆಲ್ಲಿಗೆ ಹೋಗಿದ್ದನೋ. ಅತ್ತೆಗೆ ಆ ಸಾಲುಗಳನ್ನು ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದು, "ಆ ಹುಡುಗಿ ಒಬ್ಬಳೇ ನಿಂತುಕೊಂಡು ಹೇಳಿದಳಾ?" ಅಂತ ಕೇಳಿದರು.

1855ರ ನಂತರ ಹೀಗೆ ಹುಟ್ಟಿದ ಮಗುವಾದರೆ ಜನನಪತ್ರದ ಅಂಚು ನೋಡಿ. ತಂದೆ ಯಾರೆಂದು ಕೋರ್ಟು ತೀರ್ಮಾನಿಸಿದ್ದರೆ ತಿದ್ದುಪಡಿ ರಿಜಿಸ್ಟರಿನ ಉಲ್ಲೇಖ ಅಲ್ಲಿರುತ್ತದೆ.

ಬಡತನದ ದಫ್ತರ

ಮುಪ್ಪೋ ಕಾಯಿಲೆಯೋ ಬಂದು, ಇಲ್ಲವೇ ಗಂಡ ಸತ್ತು, ಕೈಸೋತವರು ಪ್ಯಾರಿಷ್‌ಗೆ ಅರ್ಜಿ ಹಾಕುತ್ತಿದ್ದರು. 1845ರ ಬಡವರ ಕಾಯಿದೆಯ ಮೇಲೆ ಇದಕ್ಕೊಬ್ಬ ಇನ್‌ಸ್ಪೆಕ್ಟರ್ ಬಂದ. ಸಹಾಯದ ಖರ್ಚು ಯಾವ ಪ್ಯಾರಿಷ್ ಭರಿಸಬೇಕು ಅನ್ನುವುದೇ ಅವನ ದೊಡ್ಡ ತಲೆನೋವು. ಒಂದೇ ಪ್ಯಾರಿಷ್‌ನಲ್ಲಿ ಬಿಡದೆ ಐದು ವರ್ಷ ಇದ್ದಿದ್ದರೆ ಅಲ್ಲಿನ ಹೊಣೆ. ಫ್ಲಿಟಿಂಗ್ ಮಾಡುತ್ತಲೇ ಇದ್ದ ಆಳಿಗೆ ಐದು ವರ್ಷ ಎಲ್ಲಿಂದ ಬರಬೇಕು? ಆಗ ಹುಟ್ಟಿದ ಪ್ಯಾರಿಷ್‌ನ ಮೇಲೆ ಹೊರೆ. ಅದಕ್ಕೇ ಇನ್‌ಸ್ಪೆಕ್ಟರ್ ಎಲ್ಲಿ ಹುಟ್ಟಿದೆ, ಎಲ್ಲೆಲ್ಲಿ ದುಡಿದೆ, ಮಕ್ಕಳು ಎಲ್ಲಿದ್ದಾರೆ ಅಂತ ಕೆದಕಿ ಕೆದಕಿ ಬರೆದುಕೊಳ್ಳುತ್ತಿದ್ದ. ನಾವು ಇವತ್ತು ಮಾಡುವ ಕೆಲಸವನ್ನೇ ಅವನು ಆಗಲೇ ಮಾಡಿಟ್ಟಿದ್ದಾನೆ. ಈ ರಿಜಿಸ್ಟರುಗಳು ಹೆಚ್ಚಾಗಿ ಆಯಾ ಕೌನ್ಸಿಲ್‌ನ ದಫ್ತರಖಾನೆಯಲ್ಲಿವೆ. ಇಮೇಲ್ ಬರೆದು ಕೇಳಿ. ಆಳು ಹೊಲ ಬಿಟ್ಟು ಗ್ಲಾಸ್ಗೋ ಸೇರಿದ್ದರೆ ಮಿಚೆಲ್ ಲೈಬ್ರರಿಯಲ್ಲಿರುವ ನಗರ ದಫ್ತರಖಾನೆಯನ್ನು ಬಿಡಬೇಡಿ.

ಕೊನೆಗೆ ಜಮೀನಿಗೆ

ಜಮೀನಿನ ಹೆಸರು ಸಿಕ್ಕ ಮೇಲೆ ಅದು ಎಲ್ಲಿದೆ ಅಂತ ತಿಳಿಯಲು ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದ ನಕ್ಷೆ ತಾಣಕ್ಕೆ ಹೋಗಿ. ಮೈಲಿಗೆ ಆರು ಇಂಚಿನ ಹಳೆಯ ಸರ್ವೆ ನಕ್ಷೆ ಅಲ್ಲಿ ಉಚಿತ. ಮಿಲ್ಟನ್, ಮೇನ್ಸ್ ಆಫ್ ಇಂಥದ್ದು ಅನ್ನುವ ಹೆಸರುಗಳು ಪ್ಯಾರಿಷ್‌ಗೊಂದು ಇರುತ್ತವೆ, ಆದ್ದರಿಂದ ಪ್ಯಾರಿಷ್ ಖಚಿತಮಾಡಿಕೊಂಡೇ ನೋಡಿ. 1855ರಿಂದ ಇರುವ ಆಸ್ತಿ ಮೌಲ್ಯದ ಪಟ್ಟಿಯಲ್ಲಿ ಆಳಿನ ಹೆಸರು ಹುಡುಕಿ ನಿರಾಶರಾಗಬೇಡಿ. ವರ್ಷಕ್ಕೆ ನಾಲ್ಕು ಪೌಂಡಿಗಿಂತ ಕಡಿಮೆ ಬಾಡಿಗೆಯ ಮನೆಯವರ ಹೆಸರು ಬರೆಯಲೇಬೇಕೆಂದಿರಲಿಲ್ಲ. ಜಮೀನು ಯಾರದ್ದು, ಗೇಣಿದಾರ ಯಾರು ಅಂತ ತಿಳಿಯಲು ಮಾತ್ರ ಅದು ಚೆನ್ನ. ಯಜಮಾನನ ಎಸ್ಟೇಟಿನ ಕಡತ ಎಡಿನ್‌ಬರಾದ ರಾಷ್ಟ್ರೀಯ ದಾಖಲೆಗಳಲ್ಲಿ ಉಳಿದಿದ್ದರೆ, ಅಪರೂಪಕ್ಕೆ ಸಂಬಳದ ಪುಸ್ತಕವೂ ಸಿಗಬಹುದು. ನಮಗೆ ಸಿಗಲಿಲ್ಲ.

ಹೋಗಿ ನೋಡುವುದಾದರೆ ಮೊದಲು ಕೇಳಿ. ಸ್ಕಾಟ್ಲೆಂಡಿನಲ್ಲಿ ಬಯಲಿನಲ್ಲಿ ಓಡಾಡುವ ಹಕ್ಕು ಎಲ್ಲರಿಗೂ ಇದೆ, ಆದರೆ ಮನೆಯ ಅಂಗಳಕ್ಕೂ ಕೊಟ್ಟಿಗೆಗೂ ಅದು ಅನ್ವಯಿಸುವುದಿಲ್ಲ. ನಾವು ಒಂದು ಕಾಗದ ಬರೆದು, ಒಂದು ಫೋನ್ ಮಾಡಿ, ಮೆತ್ಲಿಕ್ ಹತ್ತಿರದ ಜಮೀನಿಗೆ ಹೋದೆವು. ಈಗಿನ ರೈತ ಬೂಟಿನಲ್ಲೇ ಬಂದು ಲಾಯದ ಬಾಗಿಲು ತೆಗೆದರು. ಮೇಲೆ ಚಾಮರ್. ಒಂದು ಪುಟ್ಟ ಕಿಟಕಿ, ಒಂದು ಒಲೆಗೂಡು, ಈಗ ಗೊಬ್ಬರದ ಖಾಲಿ ಚೀಲಗಳ ರಾಶಿ. ಎಷ್ಟು ಜನ ಮಲಗುತ್ತಿದ್ದರು ಅಂತ ಕೇಳಿದೆ. ನಾಲ್ಕು ಇರಬಹುದು ಅಂದರು. ಅತ್ತೆ ಮೆಟ್ಟಿಲು ಹತ್ತಲಾಗದೆ ಕೆಳಗೇ ಕುದುರೆ ಕಟ್ಟುವ ಬಳೆ ಹಿಡಿದುಕೊಂಡು ನಿಂತಿದ್ದರು. ಕಬ್ಬಿಣದ ಬಳೆ, ಒಂದು ಪಕ್ಕಕ್ಕೆ ತೆಳ್ಳಗೆ ಸವೆದಿತ್ತು.